ನಂದಾದೇವಿ: ತೆರೆದು ಮುಚ್ಚಿದ ಬಾಗಿಲು

ನಂದಾದೇವಿ ಶಿಖರವನ್ನು ನೋಡುವುದಕ್ಕೆ ಹೆಚ್ಚು ಕಷ್ಟಪಡಬೇಕಾಗಿಲ್ಲ. ಕುಮಾವೂಂ ಪ್ರಾಂತದ ರಾಣಿಖೇತದಲ್ಲೋ ಕೌಸಾನಿಯಲ್ಲೋ ಅಕ್ಟೋಬರ್ ತಿಂಗಳ ಒಂದು ಬೆಳಗ್ಗೆ ಜಗಲಿಯ ಮೇಲೆ ಚಹಾ ಹಿಡಿದು ಕುಳಿತರೆ ಸಾಕು, ಉತ್ತರ ದಿಗಂತದ ಹಿಮದ ಸಾಲಿನಲ್ಲಿ ಉಳಿದೆಲ್ಲವುಗಳ ಹಿಂದೆ ನಿಂತು ತಲೆ ಎತ್ತಿರುವ ಜೋಡಿ ಶಿಖರ ಕಣ್ಣಿಗೆ ಬೀಳುತ್ತದೆ. ದೊಡ್ಡದರ ಎತ್ತರ 7,816 ಮೀಟರ್. ಪೂರ್ತಿಯಾಗಿ ಭಾರತದ ನೆಲದೊಳಗೇ ಇರುವ ಶಿಖರಗಳಲ್ಲಿ ಇದಕ್ಕಿಂತ ಎತ್ತರದ್ದು ಇನ್ನೊಂದಿಲ್ಲ. ಕಾಂಚನಗಂಗಾ ನೇಪಾಳದ ಗಡಿಯ ಮೇಲಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಎವರೆಸ್ಟಿನ ಲೆಕ್ಕ ಇನ್ನೂ ಗೊತ್ತಿಲ್ಲದ ಕಾಲದಲ್ಲಿ, ಜಗತ್ತಿನಲ್ಲೇ ಎತ್ತರದ ಪರ್ವತ ಇದೇ ಎಂದು ಸರ್ವೇ ಅಧಿಕಾರಿಗಳು ನಂಬಿದ್ದೂ ಉಂಟು.

ನೋಡುವುದು ಸುಲಭ, ಹತ್ತಿರ ಹೋಗುವುದು ಬೇರೆ ಮಾತು. ಈ ಪರ್ವತದ ಬುಡಕ್ಕೆ ಹೋಗಲು 1934ರವರೆಗೆ ಯಾರಿಗೂ ದಾರಿ ಸಿಕ್ಕಿರಲಿಲ್ಲ. 1983ರಿಂದ ಈಚೆಗೆ ದಾರಿ ಗೊತ್ತಿದ್ದರೂ ಅಪ್ಪಣೆ ಸಿಗುವುದಿಲ್ಲ. ನಡುವೆ ನಲವತ್ತೊಂಬತ್ತು ವರ್ಷ ಮಾತ್ರ ಬಾಗಿಲು ತೆರೆದಿತ್ತು, ಅದೂ ಆಗಾಗ ಮುಚ್ಚಿಕೊಳ್ಳುತ್ತಲೇ.

ಮೇ ತಿಂಗಳು ಬಂತೆಂದರೆ ಕರ್ನಾಟಕದಿಂದಲೂ ತಂಡತಂಡವಾಗಿ ಹಿಮಾಲಯಕ್ಕೆ ಚಾರಣ ಹೊರಡುವವರಿದ್ದಾರೆ. ಯಾವ ದಾರಿ, ಎಷ್ಟು ದಿನ, ಎಷ್ಟು ಖರ್ಚು, ಉಣ್ಣೆಯ ಬಟ್ಟೆ ಎಷ್ಟು ಎಂದು ಲೆಕ್ಕ ಹಾಕಿಕೊಂಡರೆ ಬಹುತೇಕ ಕಡೆಗೆ ಅಷ್ಟೇ ಸಾಕಾಗುತ್ತದೆ. ನಂದಾದೇವಿ ರಾಷ್ಟ್ರೀಯ ಉದ್ಯಾನಕ್ಕೆ ಸಾಲದು. ಅಲ್ಲಿ ಎಲ್ಲಿಯವರೆಗೆ ಹೋಗಬಹುದು, ಎಲ್ಲಿಂದ ಹಿಂದಿರುಗಬೇಕು, ಯಾರನ್ನು ಜೊತೆಗೆ ಕರೆದೊಯ್ಯಬೇಕು ಎಂಬ ಒಂದೊಂದು ನಿಯಮದ ಹಿಂದೆಯೂ ಒಂದೊಂದು ಘಟನೆ ಇದೆ. ಅದನ್ನು ತಿಳಿಯದೆ ಹೋದವನಿಗೆ ಆ ನಿಯಮಗಳು ಬರೀ ಸರ್ಕಾರಿ ಕಿರಿಕಿರಿಯಾಗಿ ಕಂಡರೆ ಆಶ್ಚರ್ಯವಿಲ್ಲ.

ಮೊದಲು ಆ ಸ್ಥಳದ ರಚನೆ ತಿಳಿಯಬೇಕು. ನಮ್ಮ ಚಿತ್ರದುರ್ಗಕ್ಕೆ ಏಳು ಸುತ್ತಿನ ಕೋಟೆ ಎಂಬ ಹೆಸರಿದೆಯಲ್ಲ, ನಂದಾದೇವಿಯದು ಪ್ರಕೃತಿಯೇ ಕಟ್ಟಿದ ಎರಡು ಸುತ್ತಿನ ಕೋಟೆ. ಶಿಖರದ ಸುತ್ತ ಸುಮಾರು 110 ಕಿಲೋಮೀಟರ್ ಉದ್ದದ ಪರ್ವತಗಳ ಗೋಡೆ. ಅದರಲ್ಲಿ 6,400 ಮೀಟರ್ ಮೀರಿದ ಶಿಖರಗಳೇ ಹತ್ತು ಹನ್ನೆರಡು: ತ್ರಿಶೂಲ, ದೂನಾಗಿರಿ, ಚಾಂಗಾಬಾಂಗ್, ಕಲಂಕಾ, ಮೃಗಥೂನಿ ಹೀಗೆ. ಗೋಡೆಯ ಅತ್ಯಂತ ತಗ್ಗಾದ ಜಾಗವೂ ಹೆಚ್ಚುಕಡಿಮೆ 5,500 ಮೀಟರಿಗಿಂತ ಕೆಳಗಿಲ್ಲ. ಪಶ್ಚಿಮದಲ್ಲಿ ಒಂದೇ ಒಂದು ಕಡೆ ಈ ಗೋಡೆ ಬಿರುಕು ಬಿಟ್ಟಿದೆ. ಒಳಗಿನ ಹಿಮನದಿಗಳ ನೀರೆಲ್ಲ ಸೇರಿ ಋಷಿಗಂಗೆಯಾಗಿ ಆ ಬಿರುಕಿನಿಂದ ಹೊರಬರುತ್ತದೆ. ಬಿರುಕೆಂದರೆ ಎರಡೂ ಕಡೆ ನೆಟ್ಟಗೆ ನಿಂತ ಬಂಡೆ, ತಳದಲ್ಲಿ ಭೋರ್ಗರೆಯುವ ನೀರು, ನಡುವೆ ಕಾಲಿಡಲು ಅಲ್ಲಲ್ಲಿ ಹುಲ್ಲು ಬೆಳೆದ ಒಂದೆರಡು ಅಡಿ ಅಗಲದ ಚಾಚು. ನಡುದಾರಿಯಲ್ಲಿ ಇನ್ನೊಂದು ಅಡ್ಡಗೋಡೆ ಬಂದು ಒಳಗಿನ ಆವರಣವನ್ನು ಹೊರಗಿನದರಿಂದ ಬೇರೆ ಮಾಡಿದೆ. ಅದನ್ನೂ ದಾಟಿದರೆ ಮಾತ್ರ ನಂದಾದೇವಿಯ ಬುಡದ ಹುಲ್ಲುಗಾವಲು.

ಗಢವಾಲ ಮತ್ತು ಕುಮಾವೂಂ ಜನರಿಗೆ ಈ ಪರ್ವತ ಮನೆಮಗಳು. ನಂದಾ ಎಂದರೆ ಪಾರ್ವತಿ. ಹಿಮವಂತನ ಮಗಳು, ಶಿವನ ಹೆಂಡತಿ. ಭಾದ್ರಪದದಲ್ಲಿ ನಮ್ಮಲ್ಲಿ ಗೌರಿಯನ್ನು ತವರಿಗೆ ಕರೆತಂದು ಬಾಗಿನ ಕೊಡುತ್ತಾರೆ. ಅದೇ ಭಾದ್ರಪದದ ಹೊತ್ತಿಗೆ ಅಲ್ಲಿ ನಂದಾಷ್ಟಮಿ ಮಾಡಿ, ತವರಿಗೆ ಬಂದಿದ್ದ ಮಗಳನ್ನು ಕೈಲಾಸಕ್ಕೆ, ಗಂಡನ ಮನೆಗೆ, ಅತ್ತು ಕರೆದು ಕಳಿಸಿಕೊಡುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ ಎಂದು ಸಂಪ್ರದಾಯವಿರುವ ನಂದಾದೇವಿ ರಾಜಜಾತ ಯಾತ್ರೆ ಈ ಬೀಳ್ಕೊಡುಗೆಯ ದೊಡ್ಡ ರೂಪ. ನೌಟಿ ಗ್ರಾಮದಿಂದ ಹೊರಟು, ನಾಲ್ಕು ಕೊಂಬಿನ ಟಗರನ್ನು ಮುಂದೆ ಬಿಟ್ಟುಕೊಂಡು ಸುಮಾರು 280 ಕಿಲೋಮೀಟರ್ ನಡೆಯುವ ಆ ಯಾತ್ರೆ 2014ರಲ್ಲಿ ನಡೆದಿತ್ತು. ಗಮನಿಸಬೇಕಾದ ಸಂಗತಿ ಏನೆಂದರೆ ಆ ಯಾತ್ರೆಯೂ ಹೊರಗೋಡೆಯ ಬುಡದಲ್ಲಿರುವ ಹೋಮಕುಂಡದವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಟಗರು ಒಂದೇ. ಜನ ಕೈಮುಗಿದು ಹಿಂದಿರುಗುತ್ತಾರೆ.

ಒಳಗೆ ಹೋಗಲೇಬೇಕೆಂದು ಹಟ ಹಿಡಿದವರು ಹೊರಗಿನವರು. 1883ರಲ್ಲಿ ಡಬ್ಲ್ಯು.ಡಬ್ಲ್ಯು. ಗ್ರಹಾಂ ಎಂಬ ಆಂಗ್ಲ ಪರ್ವತಾರೋಹಿ ಸ್ವಿಸ್ ಸಂಗಾತಿಗಳೊಡನೆ ಋಷಿಗಂಗೆಯ ಕಮರಿಯನ್ನು ಹೊಕ್ಕು ಸೋತು ಬಂದ. ಡಾ. ಲಾಂಗ್‌ಸ್ಟಾಫ್ 1905ರಲ್ಲಿ ಪೂರ್ವದ ಗೋಡೆಯ ಮೇಲೇರಿ ಒಳಗೆ ಇಣುಕಿದರು, ಇಳಿಯಲಾಗಲಿಲ್ಲ. 1907ರಲ್ಲಿ ಮತ್ತೆ ಬಂದು 7,120 ಮೀಟರಿನ ತ್ರಿಶೂಲವನ್ನು ಹತ್ತಿದರು. ಅಷ್ಟು ಎತ್ತರದ ಶಿಖರವನ್ನು ಅಲ್ಲಿಯವರೆಗೆ ಯಾರೂ ಏರಿರಲಿಲ್ಲ. ಆದರೂ ಒಳಗಿನ ಆವರಣ ಅವರಿಗೂ ದಕ್ಕಲಿಲ್ಲ. ಅಲ್ಮೋಡಾದಲ್ಲಿ ಜಿಲ್ಲಾಧಿಕಾರಿಯಾಗಿದ್ದ ಹ್ಯೂ ರಟ್ಲೆಜ್ 1926, 1927, 1932ರಲ್ಲಿ ಬೇರೆ ಬೇರೆ ದಿಕ್ಕಿನಿಂದ ಯತ್ನಿಸಿದರು. ಉತ್ತರ ಧ್ರುವಕ್ಕಿಂತಲೂ ಇದು ದುರ್ಗಮ ಎಂಬ ಮಾತು ಆ ಕಾಲದಲ್ಲಿ ಹುಟ್ಟಿದ್ದು ಸುಮ್ಮನಲ್ಲ.

ಆ ಬಾಗಿಲು ತೆರೆದವರು ಎರಿಕ್ ಶಿಪ್ಟನ್ ಮತ್ತು ಎಚ್.ಡಬ್ಲ್ಯು. ಟಿಲ್ಮನ್. ಇಬ್ಬರೂ ಕೀನ್ಯಾದಲ್ಲಿ ಕಾಫಿ ತೋಟ ಮಾಡುತ್ತಿದ್ದವರು, ಅಲ್ಲೇ ಒಟ್ಟಿಗೆ ಬೆಟ್ಟ ಹತ್ತಿ ಸ್ನೇಹ ಬೆಳೆಸಿದವರು. ಆಗಿನ ಕಾಲದ ಹಿಮಾಲಯ ಯಾತ್ರೆಯೆಂದರೆ ಒಂದು ದಂಡಯಾತ್ರೆಯೇ: ನೂರಾರು ಕೂಲಿಗಳು, ಪೆಟ್ಟಿಗೆಗಟ್ಟಲೆ ಡಬ್ಬಿ ಆಹಾರ, ಸಾವಿರಾರು ಪೌಂಡು ಖರ್ಚು. ಇವರಿಬ್ಬರದು ಅದಕ್ಕೆ ವಿರುದ್ಧವಾದ ಪಂಥ. ಅಂಚೆ ಲಕೋಟೆಯ ಹಿಂಬದಿಯಲ್ಲಿ ಅರ್ಧ ಗಂಟೆಯಲ್ಲಿ ಬರೆದು ಮುಗಿಸಲಾಗದ ಯೋಜನೆ ಯೋಜನೆಯೇ ಅಲ್ಲ ಎಂಬುದು ಅವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಅಭಿಪ್ರಾಯ. 1934ರಲ್ಲಿ ಸರಕು ಹಡಗಿನಲ್ಲಿ ಕಲ್ಕತ್ತೆಗೆ ಬಂದಿಳಿದರು. ಜೊತೆಗೆ ಆಂಗ್‌ಥಾರ್ಕೆ, ಪಾಸಾಂಗ್, ಕುಸಾಂಗ್ ಎಂಬ ಮೂವರು ಶೆರ್ಪಾಗಳು. ಹೊರೆಗೆ ಕೆಲವು ಡೋಟಿಯಾಲ್ ಕೂಲಿಗಳು. ಊಟಕ್ಕೆ ಮುಖ್ಯವಾಗಿ ಆ ಸೀಮೆಯಲ್ಲೇ ಸಿಗುವ ಹಿಟ್ಟು, ಅಕ್ಕಿ, ತುಪ್ಪ. ಐದು ತಿಂಗಳ ಪ್ರವಾಸಕ್ಕೆ, ಇಂಗ್ಲೆಂಡಿನಿಂದ ಬಂದು ಹೋಗುವ ಖರ್ಚೂ ಸೇರಿ, ಇಬ್ಬರಿಗೂ ಕೂಡಿ ಮುನ್ನೂರು ಪೌಂಡಿನೊಳಗೆ ಮುಗಿಯಿತು.

ಕಮರಿಯಲ್ಲಿ ಅವರು ನಡೆದ ರೀತಿಯನ್ನು ನಡಿಗೆ ಎನ್ನುವುದು ಕಷ್ಟ. ನದಿಯಿಂದ ಸಾವಿರಾರು ಅಡಿ ಮೇಲೆ, ಬಂಡೆಯ ಚಾಚಿನಿಂದ ಚಾಚಿಗೆ, ಹೊರೆಯನ್ನು ಹಗ್ಗ ಕಟ್ಟಿ ಎಳೆದುಕೊಂಡು, ಒಂದು ಕಡೆ ದಾರಿ ಮುಗಿದರೆ ಹಿಂದಿರುಗಿ ಇನ್ನೊಂದನ್ನು ಹುಡುಕುತ್ತ ಸಾಗಿದರು. ಕೊನೆಯ ಕೆಲವೇ ಮೈಲಿಗಳಿಗೆ ವಾರಕ್ಕೂ ಹೆಚ್ಚು ಕಾಲ ಹಿಡಿಯಿತು. ಜೂನ್ ತಿಂಗಳಲ್ಲಿ ಒಳ ಆವರಣಕ್ಕೆ ಕಾಲಿಟ್ಟಾಗ ಕಂಡದ್ದು ಹಸಿರು ಬಯಲು, ಹೂ, ಸಣ್ಣ ಕೊಳ, ಮನುಷ್ಯನ ಭಯವಿಲ್ಲದೆ ಮೇಯುತ್ತಿದ್ದ ಭರಲ್ ಎಂಬ ನೀಲಿ ಕುರಿಗಳ ಹಿಂಡು. ಮಳೆಗಾಲದಲ್ಲಿ ಹೊರಗೆ ಬಂದು ಬದರೀನಾಥದ ಕಡೆಯ ಪರ್ವತಗಳಲ್ಲಿ ಅಲೆದು, ಮಳೆ ಇಳಿದ ಮೇಲೆ ಮತ್ತೆ ಒಳಗೆ ಹೋಗಿ ನಕ್ಷೆ ಮಾಡಿದರು. ಶಿಖರ ಹತ್ತುವುದು ಅವರ ಉದ್ದೇಶವಾಗಿರಲಿಲ್ಲ. ಆವರಣವನ್ನು ಅರಿಯುವುದಷ್ಟೇ ಸಾಕಾಗಿತ್ತು. ಹಿಮಾಲಯದ ಅನ್ವೇಷಣೆಯ ಕಥೆಗಳಲ್ಲಿ ಇಷ್ಟು ಕಡಿಮೆ ಸದ್ದಿನಲ್ಲಿ ಇಷ್ಟು ದೊಡ್ಡ ಕೆಲಸ ನಡೆದದ್ದು ವಿರಳ.

ಆದರೆ ದಾರಿ ಒಮ್ಮೆ ತಿಳಿದ ಮೇಲೆ ಅದು ಇಬ್ಬರದೇ ಆಗಿ ಉಳಿಯುವುದಿಲ್ಲ. ಎರಡೇ ವರ್ಷದಲ್ಲಿ ನಾಲ್ವರು ಬ್ರಿಟಿಷರು, ನಾಲ್ವರು ಅಮೆರಿಕನ್ನರ ಒಂದು ತಂಡ ಶಿಖರಕ್ಕೇ ಬಂತು. ಟಿಲ್ಮನ್ ಅದರಲ್ಲಿದ್ದರು. 1924ರಲ್ಲಿ ಎವರೆಸ್ಟಿನ ಮೇಲೆ ಮೆಲೊರಿ ಮತ್ತು ಇರ್ವಿನ್‌ರನ್ನು ಕಡೆಯ ಬಾರಿ ಕಂಡಿದ್ದ ನೋಯೆಲ್ ಓಡೆಲ್ ಕೂಡ ಇದ್ದರು. 1936ರ ಆಗಸ್ಟ್ 29ರಂದು ಟಿಲ್ಮನ್ ಮತ್ತು ಓಡೆಲ್ ತುದಿ ಮುಟ್ಟಿದರು. ಮುಂದೆ 1950ರಲ್ಲಿ ಫ್ರೆಂಚರು ಅನ್ನಪೂರ್ಣವನ್ನು ಹತ್ತುವವರೆಗೆ ಮನುಷ್ಯ ಏರಿದ ಅತಿ ಎತ್ತರದ ಶಿಖರ ಇದೇ ಆಗಿತ್ತು. ಅದೇ ಯಾತ್ರೆಯಲ್ಲಿ ಕಿತಾರ್ ಎಂಬ ಅನುಭವಿ ಶೆರ್ಪಾ ಬುಡದ ಶಿಬಿರದಲ್ಲಿ ಕಾಯಿಲೆಯಿಂದ ತೀರಿಕೊಂಡ. ಇನ್ನೊಂದು ಸಂಗತಿಯನ್ನೂ ಟಿಲ್ಮನ್ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ: ಅವರು ಶಿಖರದ ಮೇಲಿದ್ದ ದಿನವೇ ಪಿಂಡಾರ್ ನದಿಗೆ ಪ್ರವಾಹ ಬಂದು ಥರಾಲಿ ಊರಿನಲ್ಲಿ ಹಲವು ಜೀವಗಳು ಹೋದವು. ದೇವಿಯ ಅಂತಃಪುರಕ್ಕೆ ನುಗ್ಗಿದ್ದರ ಫಲ ಇದು ಎಂದು ಸುತ್ತಣ ಹಳ್ಳಿಗಳ ಜನ ಅಂದುಕೊಂಡರೆ ಅವರನ್ನು ದೂರುವಂತಿಲ್ಲ.

1939ರಲ್ಲಿ ಇದು ವನ್ಯಮೃಗ ರಕ್ಷಣಾ ಪ್ರದೇಶವಾಯಿತು. ಅದೇ ವರ್ಷ ಪೋಲೆಂಡಿನ ತಂಡವೊಂದು ಪೂರ್ವ ಶಿಖರವನ್ನು ಹತ್ತಿತು. ಎರಡೂ ಶಿಖರಗಳ ನಡುವಿನ ಚೂಪು ದಿಬ್ಬದ ಮೇಲೆ ನಡೆದು ದಾಟಬೇಕೆಂದು 1951ರಲ್ಲಿ ಬಂದ ಫ್ರೆಂಚ್ ತಂಡದ ಡ್ಯುಪ್ಲಾ ಮತ್ತು ವಿನ್ಯೆ ಹಿಂದಿರುಗಲಿಲ್ಲ. ಅವರನ್ನು ಹುಡುಕುತ್ತ ಪೂರ್ವ ಶಿಖರವನ್ನು ಏರಿದವರಲ್ಲಿ ತೇನ್ಸಿಂಗ್ ನೋರ್ಗೆ ಒಬ್ಬರು. ಎವರೆಸ್ಟ್ ಅವರಿಗೆ ಇನ್ನೂ ಎರಡು ವರ್ಷ ದೂರವಿತ್ತು. ಮುಖ್ಯ ಶಿಖರದ ಎರಡನೆಯ ಆರೋಹಣ ನಡೆದದ್ದು 1964ರಲ್ಲಿ, ಭಾರತೀಯ ತಂಡದಿಂದ. ನವಾಂಗ್ ಗೊಂಬು ಮತ್ತು ದಾವಾ ನೊರ್ಬು ತುದಿ ಮುಟ್ಟಿದರು.

ಈ ನಡುವೆ 1962ರ ಯುದ್ಧ ಬಂದುಹೋಗಿತ್ತು. ನಂದಾದೇವಿಯ ಉತ್ತರಕ್ಕೆ ಧೌಲಿಗಂಗೆಯ ದಂಡೆಯುದ್ದಕ್ಕೂ ನೀತಿ ಕಣಿವೆ. ಅದರ ತುದಿಯಲ್ಲಿ ಟಿಬೆಟ್ಟಿಗೆ ಹೋಗುವ ಘಾಟಿ. ಆ ಕಣಿವೆಯ ಲಾತಾ, ರೈಣಿ, ತೋಲ್ಮಾ ಮುಂತಾದ ಹಳ್ಳಿಗಳ ಭೋಟಿಯಾ ಜನ ತಲೆಮಾರುಗಳಿಂದ ಧಾನ್ಯ ಕೊಟ್ಟು ಉಪ್ಪು, ಉಣ್ಣೆ ತರುತ್ತಿದ್ದವರು. ಗಡಿ ಮುಚ್ಚಿತು, ವ್ಯಾಪಾರ ನಿಂತಿತು. ಉಳಿದದ್ದು ಕುರಿ, ಒಂದಿಷ್ಟು ಹೊಲ, ಕಾಡಿನ ಉತ್ಪನ್ನ, ಮತ್ತು ಪರ್ವತಾರೋಹಿಗಳ ಹೊರೆ ಹೊರುವ ಕೂಲಿ.

ಯುದ್ಧದ ನೆರಳು ಶಿಖರದವರೆಗೂ ಚಾಚಿತು. 1964ರ ಅಕ್ಟೋಬರಿನಲ್ಲಿ ಚೀನಾ ತನ್ನ ಮೊದಲ ಅಣುಬಾಂಬನ್ನು ಸಿಡಿಸಿತು. ಟಿಬೆಟ್ಟಿನಾಚೆ ಏನು ನಡೆಯುತ್ತಿದೆಯೆಂದು ತಿಳಿಯಲು ಅಮೆರಿಕದ ಸಿ.ಐ.ಎ. ಮತ್ತು ಭಾರತದ ಗುಪ್ತಚರ ಇಲಾಖೆ ಸೇರಿ ಒಂದು ಉಪಾಯ ಹೂಡಿದವು. ಎತ್ತರದ ಶಿಖರವೊಂದರ ಮೇಲೆ ಕ್ಷಿಪಣಿ ಪ್ರಯೋಗಗಳ ಸಂಕೇತಗಳನ್ನು ಹಿಡಿಯುವ ಯಂತ್ರವನ್ನಿಟ್ಟು, ಅದಕ್ಕೆ ಪ್ಲುಟೋನಿಯಂ ಶಾಖದಿಂದ ವಿದ್ಯುತ್ ಕೊಡುವ ಜನರೇಟರನ್ನು ಜೋಡಿಸುವುದು. ಆರಿಸಿದ್ದು ನಂದಾದೇವಿಯನ್ನು. ಅದೇ ವರ್ಷ ಭಾರತದ ತಂಡವನ್ನು ಎವರೆಸ್ಟಿಗೆ ಮುಟ್ಟಿಸಿದ್ದ ಎಂ.ಎಸ್. ಕೊಹ್ಲಿ ಅವರ ನೇತೃತ್ವದಲ್ಲಿ 1965ರ ಶರತ್ಕಾಲದಲ್ಲಿ ಯಂತ್ರವನ್ನು ಮೇಲಕ್ಕೆ ಸಾಗಿಸಲಾಯಿತು. ತುದಿ ಇನ್ನೂ ದೂರವಿರುವಾಗಲೇ ಹಿಮಗಾಳಿ ಎದ್ದಿತು. ನಾಲ್ಕನೆಯ ಶಿಬಿರದ ಬಳಿ ಬಂಡೆಗೆ ಯಂತ್ರವನ್ನು ಬಿಗಿದು ತಂಡ ಕೆಳಗಿಳಿಯಿತು. ಮರುವರ್ಷ ಹೋಗಿ ನೋಡಿದರೆ ಯಂತ್ರವೂ ಇಲ್ಲ, ಅದನ್ನು ಕಟ್ಟಿದ್ದ ಬಂಡೆಯ ಭಾಗವೂ ಇಲ್ಲ. ಹಿಮಪಾತ ಕೊಚ್ಚಿಕೊಂಡು ಹೋಗಿತ್ತು. ಹಲವು ವರ್ಷ ಹುಡುಕಿದರೂ ಸಿಗಲಿಲ್ಲ.

ಈ ರಹಸ್ಯ ಹೊರಬಿದ್ದದ್ದು 1978ರಲ್ಲಿ, ಅಮೆರಿಕದ ಪತ್ರಿಕೆಯೊಂದರ ವರದಿಯಿಂದ. ಪ್ರಧಾನಿ ಮೊರಾರ್ಜಿ ದೇಸಾಯಿ ಅವರು ಸಂಸತ್ತಿನಲ್ಲಿ ಅದನ್ನು ಒಪ್ಪಿಕೊಂಡರು. ವಿಜ್ಞಾನಿಗಳ ಸಮಿತಿಯೊಂದು ನೀರು, ಮಣ್ಣನ್ನು ಪರೀಕ್ಷಿಸಿ ಅಪಾಯದ ಸುಳಿವಿಲ್ಲ ಎಂದಿತು. ಆ ಜನರೇಟರಿನಲ್ಲಿದ್ದ ಬಗೆಯ ಪ್ಲುಟೋನಿಯಂ ಅರ್ಧಕ್ಕೆ ಇಳಿಯಲು ಸುಮಾರು 88 ವರ್ಷ ಬೇಕು. ಅಂದರೆ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಇಂದಿಗೂ ನಂದಾದೇವಿಯ ಹಿಮದೊಳಗೆಲ್ಲೋ ಇದೆ. ಆ ಹಿಮ ಕರಗಿದ ನೀರು ಋಷಿಗಂಗೆ, ಧೌಲಿಗಂಗೆ, ಅಲಕನಂದೆಗಳನ್ನು ಸೇರಿ ಗಂಗೆಯಾಗುತ್ತದೆ.

1974 ಈ ಕಥೆಯಲ್ಲಿ ಎರಡು ಕಾರಣಕ್ಕೆ ಮುಖ್ಯವಾದ ವರ್ಷ. ಗಡಿಯ ಕಾರಣದಿಂದ ಮುಚ್ಚಿದ್ದ ಪ್ರದೇಶವನ್ನು ಆ ವರ್ಷ ವಿದೇಶಿ ತಂಡಗಳಿಗೆ ಮತ್ತೆ ತೆರೆಯಲಾಯಿತು. ಅದೇ ವರ್ಷದ ಮಾರ್ಚ್ 26ರಂದು, ಋಷಿಗಂಗೆ ಮತ್ತು ಧೌಲಿಗಂಗೆ ಕೂಡುವ ಜಾಗದ ರೈಣಿ ಗ್ರಾಮದಲ್ಲಿ, ಗೌರಾದೇವಿಯವರ ಹಿಂದೆ ಇಪ್ಪತ್ತೇಳು ಮಂದಿ ಹೆಂಗಸರು ಕಾಡಿಗೆ ನಡೆದರು. ಸರ್ಕಾರ ಹರಾಜು ಹಾಕಿದ್ದ ಸುಮಾರು ಎರಡೂವರೆ ಸಾವಿರ ಮರಗಳನ್ನು ಕಡಿಯಲು ಗುತ್ತಿಗೆದಾರನ ಆಳುಗಳು ಬಂದಿದ್ದ ದಿನ ಅದು. ಊರಿನ ಗಂಡಸರು ಯುದ್ಧಕಾಲದಲ್ಲಿ ಸೇನೆಗೆ ಬಿಟ್ಟುಕೊಟ್ಟ ಭೂಮಿಯ ಪರಿಹಾರ ಪಡೆಯಲೆಂದು ಚಮೋಲಿಗೆ ಹೋಗಿದ್ದರು. ಹೆಂಗಸರು ಮರಗಳಿಗೆ ಅಡ್ಡ ನಿಂತರು, ರಾತ್ರಿಯೆಲ್ಲ ಕಾವಲು ಕಾದರು, ಆಳುಗಳು ಬಂದ ದಾರಿ ಹಿಡಿದರು. ಚಿಪ್ಕೋ ಚಳವಳಿಯ ಹೆಸರು ಲೋಕಕ್ಕೆ ಗೊತ್ತಾದದ್ದು ಇಲ್ಲಿಂದ. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ನಮ್ಮವರು ಮರ ಅಪ್ಪಿಕೊಂಡು ‘ಅಪ್ಪಿಕೋ’ ಎಂದದ್ದಕ್ಕೂ ಮೂಲ ಇದೇ. ಗೌರಾದೇವಿಗೆ ತವರು ಲಾತಾ, ಗಂಡನ ಮನೆ ರೈಣಿ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು.

ಕಾಡು ಉಳಿಯಿತು. ಆದರೆ ಅದೇ ಕಾಡಿನ ದಾರಿಯಲ್ಲಿ ಈಗ ತಂಡದ ಮೇಲೆ ತಂಡ ಬರತೊಡಗಿತು. ಶಿಪ್ಟನ್‌ಗೆ ಸಾಕಾಗಿದ್ದ ಲಕೋಟೆಯ ಹಿಂಬದಿ ಇವರಿಗೆ ಸಾಲುತ್ತಿರಲಿಲ್ಲ. ಒಂದೊಂದು ತಂಡಕ್ಕೆ ಹತ್ತಾರು ಕೂಲಿಗಳು, ಅವರ ಅಡುಗೆಗೆ ಕಟ್ಟಿಗೆ. ಆ ಎತ್ತರದಲ್ಲಿ ಸಿಗುವ ಕಟ್ಟಿಗೆಯೆಂದರೆ ಭೂರ್ಜ ಮತ್ತು ಜ್ಯೂನಿಪರ್ ಪೊದೆ. ಮೊಳಕಾಲೆತ್ತರ ಬೆಳೆಯಲು ಹತ್ತಾರು ವರ್ಷ ತೆಗೆದುಕೊಳ್ಳುವ ಪೊದೆ ಒಂದು ರಾತ್ರಿಯ ಒಲೆಗೆ ಮುಗಿಯುತ್ತದೆ. ಡಬ್ಬಿ, ಪ್ಲಾಸ್ಟಿಕ್, ಹರಿದ ಡೇರೆ ಎಲ್ಲ ಅಲ್ಲೇ. ಕಸ್ತೂರಿ ಮೃಗದ ಬೇಟೆಗಾರರಿಗೂ ಇದೇ ದಾರಿ ಅನುಕೂಲವಾಯಿತು.

1976ರ ದುರಂತ ಆ ದಶಕದ ನೆನಪಾಗಿ ಉಳಿದಿದೆ. ಅಮೆರಿಕದ ಪರ್ವತಾರೋಹಿ ವಿಲ್ಲಿ ಅನ್ಸೋಲ್ಡ್ ತಾರುಣ್ಯದಲ್ಲಿ ಈ ಶಿಖರವನ್ನು ಕಂಡು, ಮಗಳು ಹುಟ್ಟಿದರೆ ಇದೇ ಹೆಸರಿಡುವೆನೆಂದುಕೊಂಡಿದ್ದರು. ಇಟ್ಟರು ಕೂಡ. ಆ ಮಗಳು, ಇಪ್ಪತ್ತೆರಡರ ನಂದಾದೇವಿ ಅನ್ಸೋಲ್ಡ್, ತನ್ನ ಹೆಸರಿನ ಪರ್ವತವನ್ನು ಏರಲು ತಂದೆಯೊಂದಿಗೆ ಬಂದಳು. ತಂಡದ ಮತ್ತೊಬ್ಬ ನಾಯಕ ಆಡಮ್ಸ್ ಕಾರ್ಟರ್ 1936ರ ತಂಡದಲ್ಲಿದ್ದವರೇ. ಸೆಪ್ಟೆಂಬರ್ 8ರಂದು ಮೇಲಿನ ಶಿಬಿರದಲ್ಲಿ ಹೊಟ್ಟೆಯ ತೊಂದರೆಯಿಂದ ನರಳಿ ಆಕೆ ತಂದೆಯ ಎದುರೇ ಪ್ರಾಣ ಬಿಟ್ಟಳು. ದೇಹವನ್ನು ಅಲ್ಲಿನ ಹಿಮಕ್ಕೇ ಒಪ್ಪಿಸಲಾಯಿತು. ದೇವಿ ತನ್ನ ಹೆಸರಿನವಳನ್ನು ಹಿಂದಕ್ಕೆ ಕರೆಸಿಕೊಂಡಳು ಎಂಬ ಮಾತು ಆ ಕಣಿವೆಯಲ್ಲಿ ಹುಟ್ಟಿಕೊಂಡಿತು.

1982ರ ನವೆಂಬರಿನಲ್ಲಿ ಸುಮಾರು 630 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಮರುವರ್ಷ ಎಲ್ಲರಿಗೂ ಬಾಗಿಲು ಹಾಕಿತು. 1988ರಲ್ಲಿ ಜೀವಗೋಳ ಮೀಸಲು ಪ್ರದೇಶವೆಂಬ ಹೆಸರೂ ಯುನೆಸ್ಕೊದ ವಿಶ್ವ ಪರಂಪರೆಯ ಮನ್ನಣೆಯೂ ಬಂದವು. ಮುಚ್ಚಿದ್ದು ಸರಿಯೆಂಬುದಕ್ಕೆ ಪುರಾವೆಯೂ ಸಿಕ್ಕಿತು. 1993ರಲ್ಲಿ ಸೇನೆಯ ಎಂಜಿನಿಯರುಗಳ ತಂಡ ವಿಜ್ಞಾನಿಗಳೊಂದಿಗೆ ಒಳಗೆ ಹೋಗಿ ರಾಶಿ ರಾಶಿ ಕಸವನ್ನು ಹೊರಕ್ಕೆ ತಂದಿತು. ಹತ್ತು ವರ್ಷ ಮನುಷ್ಯನ ಕಾಲು ಬೀಳದ ಜಾಗದಲ್ಲಿ ಗಿಡಪೊದೆಗಳು ಮತ್ತೆ ಚಿಗುರುತ್ತಿದ್ದುದನ್ನೂ ಕಂಡು ಬಂತು. 2003ರ ಸಮೀಕ್ಷೆಯೂ ಅದನ್ನೇ ಹೇಳಿತು.

ಆದರೆ ಎಲ್ಲರಿಗೂ ಬಾಗಿಲು ಹಾಕುವಾಗ ಆ ಎಲ್ಲರಲ್ಲಿ ಲಾತಾ, ರೈಣಿ, ತೋಲ್ಮಾದವರೂ ಸೇರಿಹೋದರು. ಧರಾನ್ಸಿ ಮತ್ತು ದಿಬ್ರುಗೇಟಾ ಎಂಬ ಎತ್ತರದ ಹುಲ್ಲುಗಾವಲುಗಳು ಅವರ ಕುರಿಗಳ ಬೇಸಿಗೆಯ ಮೇವು. ಅದು ನಿಂತಿತು. ಗಿಡಮೂಲಿಕೆ ತರುವುದು ನಿಂತಿತು. ಕೂಲಿಯೂ ನಿಂತಿತು. 1962ರಲ್ಲಿ ಉತ್ತರದ ಬಾಗಿಲು ಮುಚ್ಚಿತ್ತು, 1983ರಲ್ಲಿ ದಕ್ಷಿಣದ್ದು. ಡಬ್ಬಿ ಎಸೆದು ಹೋದವರು ಬೇರೆ ಶಿಖರ ಹುಡುಕಿಕೊಂಡು ಹೋದರು. ಮರ ಉಳಿಸಿದವರಿಗೆ ಹೋಗಲು ಬೇರೆ ಊರಿರಲಿಲ್ಲ. ಸಂರಕ್ಷಣೆಯ ಹೆಸರಿನಲ್ಲಿ ನಮ್ಮ ದೇಶದಲ್ಲಿ ನಡೆದ ಅನ್ಯಾಯಗಳಲ್ಲಿ ಇದು ಹೆಚ್ಚು ವಿಚಿತ್ರವಾದದ್ದು. ಯಾರ ತ್ಯಾಗದಿಂದ ಕಾಡು ಉಳಿಯಿತೋ ಅವರನ್ನೇ ಕಾಡಿನಿಂದ ಹೊರಗಿಡಲಾಯಿತು.

1998ರಲ್ಲಿ ಊರಿನವರು ನಿಷೇಧವನ್ನು ಮುರಿದು ಉದ್ಯಾನದೊಳಗೆ ಮೆರವಣಿಗೆ ಹೋದರು. ‘ಝಪ್ಟೋ ಛೀನೋ’ ಎಂದು ಆ ಚಳವಳಿಯ ಹೆಸರು. ಎರಗಿ ಕಿತ್ತುಕೊಳ್ಳಿ ಎಂದರ್ಥ. ಅಪ್ಪಿಕೊಳ್ಳಿ ಎಂದವರ ಬಾಯಲ್ಲಿ ಕಿತ್ತುಕೊಳ್ಳಿ ಎಂಬ ಮಾತು ಬರಲು ಇಪ್ಪತ್ತನಾಲ್ಕು ವರ್ಷ ಹಿಡಿಯಿತು. ಆದರೂ ಅವರು ಬೇಕೆಂದದ್ದು ಹಳೆಯ ದಿನಗಳ ಜಾತ್ರೆಯನ್ನಲ್ಲ. 2001ರ ಅಕ್ಟೋಬರಿನಲ್ಲಿ ಲಾತಾದಲ್ಲಿ ಸೇರಿದ ಹಳ್ಳಿಗಳು ಒಂದು ಘೋಷಣೆಯನ್ನು ಹೊರಡಿಸಿದವು: ಪ್ರವಾಸಿಗರು ಬರಲಿ, ಲಾಭ ಹೊರಗಿನ ಕಂಪನಿಗಳಿಗೆ ಹೋಗುವುದು ಬೇಡ, ನಿರ್ಧಾರ ಊರಿನದಾಗಿರಲಿ, ಕಾಡಿಗೂ ಹೆಂಗಸರಿಗೂ ಹಾನಿಯಾಗದಂತಿರಲಿ. 2003ರಲ್ಲಿ ಸರ್ಕಾರ ಸ್ವಲ್ಪ ಸಡಿಲಿಸಿತು. ವರ್ಷಕ್ಕೆ 500 ಜನ ಮೀರದಂತೆ, ಸಣ್ಣ ಸಣ್ಣ ತಂಡಗಳಲ್ಲಿ, ಊರಿನ ಮಾರ್ಗದರ್ಶಿಗಳ ಜೊತೆಯಲ್ಲಿ, ಲಾತಾದಿಂದ ಧರಾನ್ಸಿಯ ಕಡೆಗಿನ ದಾರಿಯಲ್ಲಿ ಹೋಗಿ ಬರಲು ಅಪ್ಪಣೆ ಸಿಕ್ಕಿತು. ಕಮರಿಗೂ ಒಳ ಆವರಣಕ್ಕೂ ಸಿಗಲಿಲ್ಲ.

ಇಂದು ಹೋಗಬೇಕೆನ್ನುವವರು ಯೋಜನೆ ಹಾಕಬೇಕಾದದ್ದು ಈ ದಾರಿಗೆ. ಹರಿದ್ವಾರ, ಋಷಿಕೇಶದಿಂದ ಬದರೀನಾಥದ ರಸ್ತೆಯಲ್ಲಿ ಸುಮಾರು 250 ಕಿಲೋಮೀಟರ್ ಹೋದರೆ ಜೋಶೀಮಠ. 2024ರಲ್ಲಿ ಅದಕ್ಕೆ ಜ್ಯೋತಿರ್ಮಠ ಎಂಬ ಹಳೆಯ ಹೆಸರನ್ನೇ ಅಧಿಕೃತವಾಗಿ ಕೊಡಲಾಗಿದೆ. ಶಂಕರಾಚಾರ್ಯರು ಸ್ಥಾಪಿಸಿದರೆಂದು ಸಂಪ್ರದಾಯ ಹೇಳುವ ನಾಲ್ಕು ಮಠಗಳಲ್ಲಿ ದಕ್ಷಿಣದ್ದು ನಮ್ಮ ಶೃಂಗೇರಿಯಾದರೆ ಉತ್ತರದ್ದು ಇದು. 2023ರ ಜನವರಿಯಲ್ಲಿ ನೆಲ ಕುಸಿದು ಇಲ್ಲಿನ ನೂರಾರು ಮನೆಗಳು ಬಿರುಕು ಬಿಟ್ಟದ್ದು ಓದುಗರಿಗೆ ನೆನಪಿರಬಹುದು. ಉದ್ಯಾನದ ಅರಣ್ಯ ಕಚೇರಿ ಇರುವುದೂ ಇಲ್ಲೇ. ಪರವಾನಗಿಯ ಜೊತೆಗೆ, ಆ ವರ್ಷ ಎಲ್ಲಿಯವರೆಗೆ ಬಿಡುತ್ತಾರೆ ಎಂಬುದನ್ನು ಮನೆಯಿಂದ ಹೊರಡುವ ಮುಂಚೆಯೇ ಕೇಳಿ ತಿಳಿಯುವುದು ಲೇಸು, ಏಕೆಂದರೆ ಅದು ಬದಲಾಗುತ್ತಿರುತ್ತದೆ. ಮೇ-ಜೂನ್ ಅಥವಾ ಸೆಪ್ಟೆಂಬರ್-ಅಕ್ಟೋಬರ್ ಸರಿಯಾದ ಕಾಲ. ಮಳೆಗಾಲದಲ್ಲಿ ಈ ರಸ್ತೆಗಳ ಮೇಲೆ ಗುಡ್ಡ ಬೀಳುವುದು ಸಾಮಾನ್ಯ.

ಜ್ಯೋತಿರ್ಮಠದಿಂದ ನೀತಿ ರಸ್ತೆಯಲ್ಲಿ ಸುಮಾರು 25 ಕಿಲೋಮೀಟರಿಗೆ ಲಾತಾ. ಕಲ್ಲಿನ ಚಪ್ಪಡಿಯ ಮಾಡು, ಕೆತ್ತನೆಯ ಮರದ ಮನೆಗಳು, ಊರ ಮೇಲ್ಗಡೆ ನಂದಾದೇವಿಯ ಗುಡಿ. ಮಾರ್ಗದರ್ಶಿ, ಹೊರೆಯಾಳು, ಊಟ, ವಸತಿ ಎಲ್ಲವನ್ನೂ ಇಲ್ಲೇ ಗೊತ್ತುಮಾಡಿಕೊಳ್ಳುವುದು ನಿಯಮಕ್ಕೂ ಒಪ್ಪುತ್ತದೆ, ನ್ಯಾಯಕ್ಕೂ ಒಪ್ಪುತ್ತದೆ. ಊರಿಂದ ಲಾತಾ ಖರಕ್ ಎಂಬ ಹುಲ್ಲುಗಾವಲಿಗೆ ಏರು ಬಲು ಕಡಿದು. ಒಂದೂವರೆ ಸಾವಿರ ಮೀಟರಿನಷ್ಟು. ಒಂದೇ ದಿನದಲ್ಲಿ ಹತ್ತಿದರೆ ತಲೆನೋವು, ವಾಂತಿ ಖಂಡಿತ. ಬಯಲುಸೀಮೆಯಿಂದ ಹೋದವರು ನಡುವೆ ಕಾಡಿನಲ್ಲಿ ಒಂದು ರಾತ್ರಿ ತಂಗುವುದು ಜಾಣತನ. ಅಲ್ಲಿಂದ ದಿಬ್ಬದ ಮೇಲೆ ಹೋಗಿ, ಸತ್ಕುಲಾ ಎಂಬ ಏರಿಳಿತದ ಬಂಡೆದಾರಿಯನ್ನು ದಾಟಿದರೆ ಸುಮಾರು 4,200 ಮೀಟರಿನ ಧರಾನ್ಸಿ. ಹೋಗಿ ಬರಲು ಒಂದು ವಾರ ಇಟ್ಟುಕೊಳ್ಳಬೇಕು. ಕಟ್ಟಿಗೆ ಮುಟ್ಟುವಂತಿಲ್ಲ, ಸೀಮೆಎಣ್ಣೆ ಅಥವಾ ಗ್ಯಾಸಿನ ಒಲೆ ಬೇಕು. ಒಯ್ದ ಡಬ್ಬಿ, ಚೀಲಗಳನ್ನೆಲ್ಲ ಹೊತ್ತು ತರಬೇಕು. ಹಿಮಚಿರತೆ ಕಂಡೀತೆಂದು ಆಸೆ ಇಟ್ಟುಕೊಳ್ಳುವುದು ಬೇಡ, ಭರಲ್ ಕಂಡೀತು.

ಅಷ್ಟು ನಡೆಯಲಾಗದವರಿಗೆ ಇದೇ ವಿಶ್ವ ಪರಂಪರೆಯ ತಾಣಕ್ಕೆ 2005ರಲ್ಲಿ ಸೇರಿದ ಹೂವಿನ ಕಣಿವೆ ಇದೆ. ಜೂನ್‌ನಿಂದ ಅಕ್ಟೋಬರಿನವರೆಗೆ ತೆರೆದಿರುತ್ತದೆ, ಒಳಗೆ ರಾತ್ರಿ ತಂಗುವಂತಿಲ್ಲ. ಇನ್ನೂ ಗಟ್ಟಿ ಕಾಲಿನವರು ಕುಮಾವೂಂ ಕಡೆಯ ಮುನ್ಸಿಯಾರಿಯಿಂದ ಮಿಲಮ್ ದಾರಿಯಲ್ಲಿ ಹೋಗಿ ಪೂರ್ವ ಶಿಖರವನ್ನು ಹೊರಗೋಡೆಯ ಆಚೆಯಿಂದ ನೋಡಿ ಬರುವುದುಂಟು. ಲಾಂಗ್‌ಸ್ಟಾಫ್ 1905ರಲ್ಲಿ ಒಳಗೆ ಇಣುಕಿದ್ದು ಆ ಕಡೆಯಿಂದಲೇ.

ಲಾತಾಕ್ಕೆ ಹೋಗುವವರು ರೈಣಿಯನ್ನು ದಾಟಿಯೇ ಹೋಗಬೇಕು. 2021ರ ಫೆಬ್ರುವರಿ 7ರ ಬೆಳಗ್ಗೆ ಆ ಊರಿನ ಮೇಲ್ಗಡೆ ರೊಂಟಿ ಶಿಖರದಿಂದ ಬಂಡೆ ಮತ್ತು ಹಿಮದ ಒಂದು ಭಾರಿ ಹೋಳು ಕಳಚಿ ಬಿತ್ತು. ಅದರ ಗಾತ್ರ ಸುಮಾರು ಎರಡು ಕೋಟಿ ಎಪ್ಪತ್ತು ಲಕ್ಷ ಘನ ಮೀಟರ್ ಎಂದು ಉಪಗ್ರಹ ಚಿತ್ರಗಳಿಂದ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಸುಮಾರು 1,800 ಮೀಟರ್ ಕೆಳಕ್ಕೆ ಬೀಳುವಾಗ ಘರ್ಷಣೆಯ ಶಾಖಕ್ಕೆ ಹಿಮವೆಲ್ಲ ಕರಗಿ, ಕೆಸರು ಬಂಡೆಗಳ ಪ್ರವಾಹವಾಗಿ ಋಷಿಗಂಗೆಯಲ್ಲಿ ನುಗ್ಗಿತು. ರೈಣಿಯ ಕೆಳಗಿದ್ದ 13.2 ಮೆಗಾವಾಟಿನ ವಿದ್ಯುತ್ ಸ್ಥಾವರ ಹೇಳಹೆಸರಿಲ್ಲದಂತಾಯಿತು. ಮುಂದೆ ತಪೋವನದಲ್ಲಿ ಕಟ್ಟುತ್ತಿದ್ದ 520 ಮೆಗಾವಾಟಿನ ಯೋಜನೆಯ ಸುರಂಗದಲ್ಲಿ ಕೆಸರು ತುಂಬಿತು. ಸತ್ತವರು, ಕಾಣೆಯಾದವರು ಇನ್ನೂರಕ್ಕೂ ಹೆಚ್ಚು. ಸ್ಥಾವರದ ಕೆಲಸದಿಂದ ಊರಿಗೆ ಅಪಾಯವಿದೆಯೆಂದು ರೈಣಿಯವರು 2019ರಲ್ಲೇ ನೈನಿತಾಲದ ಹೈಕೋರ್ಟಿನ ಮೊರೆ ಹೋಗಿದ್ದರು. ಪ್ರವಾಹದ ಮರುದಿನದಿಂದಲೇ ಊರಿನ ಕೆಲವರು 1965ರ ಯಂತ್ರದ ಮಾತೆತ್ತಿದರು. ವಿಜ್ಞಾನಿಗಳಿಗೆ ಅದಕ್ಕೆ ಆಧಾರ ಕಾಣಲಿಲ್ಲ. ಆದರೆ ಆ ಯಂತ್ರವನ್ನು ಯಾರಿಗೂ ಹೇಳದೆ ಅಲ್ಲಿ ಬಿಟ್ಟು ಬಂದವರಿಗೆ ಜನರ ಸಂಶಯವನ್ನು ಹಳಿಯುವ ಹಕ್ಕಿಲ್ಲ.

ಋಷಿಗಂಗೆಯ ಮೇಲ್ಭಾಗದ ಹಿಮನದಿಗಳ ವಿಸ್ತೀರ್ಣ 1980ರಿಂದ 2017ರ ನಡುವೆ ಶೇಕಡ ಹತ್ತರಷ್ಟು ಕುಗ್ಗಿದೆಯೆಂದು ಉತ್ತರಾಖಂಡದ ಅಧ್ಯಯನವೊಂದು ತಿಳಿಸಿದೆ. ಯಾರನ್ನೂ ಒಳಗೆ ಬಿಡದ ಬಾಗಿಲಿಗೂ ಬಿಸಿಗಾಳಿಯನ್ನು ತಡೆಯುವ ಶಕ್ತಿ ಇಲ್ಲ. ಶಿಖರವನ್ನು ಪರ್ವತಾರೋಹಣಕ್ಕೆ ಮತ್ತೆ ತೆರೆಯಬೇಕೆಂಬ ಮಾತು ಈ ನಡುವೆ ಆಗಾಗ ಕೇಳಿಬರುತ್ತಿದೆ. ತೆರೆದರೆ ಕುರಿಗಳಿಗೂ ತೆರೆಯುತ್ತೀರಾ ಎಂಬ ಲಾತಾದವರ ಪ್ರಶ್ನೆಗೆ ಮೊದಲು ಉತ್ತರ ಬೇಕು.

2021ರ ಜೂನ್ ತಿಂಗಳ ಮಳೆಗೆ ರೈಣಿಯ ನೆಲ ಮತ್ತೆ ಕುಸಿಯತೊಡಗಿತು. ರಸ್ತೆಗಾಗಿ ಜಾಗ ಮಾಡಬೇಕಾಗಿ ಬಂದು, ಊರಿನಲ್ಲಿ ನಿಲ್ಲಿಸಿದ್ದ ಗೌರಾದೇವಿಯವರ ಪ್ರತಿಮೆಯನ್ನು ಕಿತ್ತು ಜೋಶೀಮಠಕ್ಕೆ ಸಾಗಿಸಲಾಯಿತು. ಸಾಗಿಸುವಾಗ ಊರಿನ ಹೆಂಗಸರು ಅತ್ತರು.